ಜೂನ್ ಹದಿನಾಲ್ಕು

"ಈ ಜೂನ್ ಹದಿನಾಲ್ಕು ಯಾರ ದಿನ?" ಹೆಂಡತಿಯ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಗಂಡ ಕೇಳಿದ. ಆಕೆ ಕ್ಲಾಸಿಗೆ ಸೇರಿ ಪ್ರೋಗ್ರಾಂ ಬರೆಯಲು ಕಲಿಯತೊಡಗಿ ಎರಡು ವಾರವಾಗಿತ್ತು. ಅವನಿಗೆ ಅದು ಹದಿನೈದು ವರ್ಷದ ಕಸುಬು. ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಯಾವುದೋ ಒಂದು ದಿನಾಂಕ ಬೇಕಾದಾಗ ಬೆರಳು ಮನಸ್ಸಿನಲ್ಲಿರುವ ದಿನವನ್ನೇ ಒತ್ತುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಯಾರಿಗೂ ಸೇರದ ಆ ದಿನ ಅವನ ಹೊಟ್ಟೆಗೆ ಬೆಂಕಿ ಹಾಕಿತ್ತು.

"ಇನ್ಯಾರದ್ದು? ನಮ್ಮ ಮದುವೆ ದಿನಾನೇ ಹಾಕಿದ್ದು."

"ಮದುವೆ ಆಗಿದ್ದು ಮೇ ತಿಂಗಳಲ್ಲಿ. ಅದೂ ಮರೆತುಹೋಯ್ತಾ, ಇಲ್ಲಾ ಕ್ಲಾಸಲ್ಲಿ ಇನ್ಯಾರಾದ್ರೂ ನೆನಪಾದ್ರಾ?"

ಆಕೆ ತಾನು ಬರೆದ ಸಾಲನ್ನು ತೋರಿಸಿದಳು. ತಿಂಗಳಿನ ಜಾಗದಲ್ಲಿ ಐದು ಎಂದೇ ಇತ್ತು. ಆಕೆ ಕಲಿಯುತ್ತಿದ್ದ ಪ್ರೋಗ್ರಾಂ ಭಾಷೆಯಲ್ಲಿ ತಿಂಗಳ ಎಣಿಕೆ ಶುರುವಾಗುವುದೇ ಸೊನ್ನೆಯಿಂದ; ಜನವರಿಗೆ ಸೊನ್ನೆ, ಹಾಗಾಗಿ ಐದು ಎಂದರೆ ಜೂನ್. ಹೊಸಬರೆಲ್ಲ ಎಡವುವ ಜಾಗ ಅದು. ಕಸುಬಿನವನಿಗೆ ನೋಡಿದ ಕೂಡಲೇ ಹೊಳೆಯಬೇಕಿತ್ತು, ಹೊಟ್ಟೆಕಿಚ್ಚು ಬಿಡಲಿಲ್ಲ. ಅವನು ಐದನ್ನು ಅಳಿಸಿ ನಾಲ್ಕು ಮಾಡಿದ. ಪರದೆಯ ಮೇಲೆ ಮೇ ಹದಿನಾಲ್ಕು ಬಂತು.

"ಸದ್ಯ, ಮುಖಕ್ಕೆ ಕಳೆ ಬಂತು," ಎಂದು ಆಕೆ ನಕ್ಕಳು. "ಅದಿರಲಿ, ನೀವು ಯಾವ ದಿನ ಹಾಕ್ತೀರಿ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಕಾಲೇಜಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳ ಹುಟ್ಟಿದ ದಿನವನ್ನು ಅವನು ಆ ಬೆಳಿಗ್ಗೆಯೂ ಆಫೀಸಿನಲ್ಲಿ ಒತ್ತಿ ಬಂದಿದ್ದ.