ಮೀನಿನ ಹೊಟ್ಟೆ

"ನಿನ್ನ ಹಾಗೇ ಅದಕ್ಕೂ ಬರೀ ವಾಯು ಕಣೋ ಮುದುಕಾ. ಸಿಕ್ಕಿದ್ದೆಲ್ಲ ತಿಂದ್ರೆ ಇನ್ನೇನಾಗುತ್ತೆ?" ಎಂದಳು ಪೇಯುನ್. ಬಾಲ್ಕನಿಯ ಬೋಗುಣಿಯಲ್ಲಿ ಚಿನ್ನದ ಬಣ್ಣದ ಮೀನು ಉಬ್ಬಿದ ಹೊಟ್ಟೆ ಹೊತ್ತು ಅಂಚಿಗೆ ಒರಗಿತ್ತು. ಫೂಝೌ ನಗರದ ಪೇಟೆಯಲ್ಲಿ ಜೀವಮಾನವೆಲ್ಲ ಇಂಥ ಮೀನುಗಳನ್ನೇ ಮಾರಿದ್ದ ಗಂಡ ಕ್ವೇಲಿನ್, ಊದಿದ ತನ್ನ ಹೊಟ್ಟೆಗೆ ಒಂದು ಕೈ ಆನಿಸಿ ಬೋಗುಣಿಯ ಮೇಲೆ ಬಾಗಿದ.

ಅವನ ಹೊಟ್ಟೆಯ ಬಗ್ಗೆ ಡಾಕ್ಟರು ಹೇಳಿದ್ದನ್ನು ಅವಳೂ ಮಗಳೂ ಅವನಿಂದ ಮುಚ್ಚಿಟ್ಟು, ಬರೀ ವಾಯು ಎಂದಿದ್ದರು. ಆ ಊರಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಾರೆ. ಕಾಯಿಲೆಯವನ ಧೈರ್ಯ ಕುಂದಬಾರದು.

"ವಾಯು ಆಗಿದ್ರೆ ಮಗುಚಿಕೊಂಡು ತೇಲ್ತಿತ್ತು. ಮೊಟ್ಟೆಯಾಗಿದ್ರೆ ಒಂದೇ ಪಕ್ಕ ಉಬ್ಬಿರ್ತಿತ್ತು," ಎಂದ ಕ್ವೇಲಿನ್. "ಮೇಲಿಂದ ನೋಡೇ, ಹುರುಪೆಯೆಲ್ಲ ನಿಮಿರಿ ನಿಂತಿದೆ. ಒಳಗೆ ನೀರು ತುಂಬಿದೆ."

"ನೀರಿಗೆ ಉಪ್ಪು ಹಾಕಿದ್ರೆ ಇಳಿಯುತ್ತಾ?" ಅವಳ ಮುಷ್ಟಿಯಲ್ಲಿ ಉಪ್ಪು ಆಗಲೇ ಇತ್ತು.

"ಹಾಕು, ನಿನ್ನ ಸಮಾಧಾನಕ್ಕೆ." ಅವನು ಪೈಜಾಮದ ಲಾಡಿ ಸಡಿಲಿಸಿಕೊಂಡು ಮೆಲ್ಲಗೆ ಕುರ್ಚಿಯಲ್ಲಿ ಕೂತ. ಪೇಯುನ್‌ಗೆ ಮುಷ್ಟಿ ಬಿಚ್ಚಲೂ ಆಗಲಿಲ್ಲ, ಅವನ ಕಡೆ ತಿರುಗಲೂ ಆಗಲಿಲ್ಲ.

ಬೆನ್ನ ಹಿಂದಿನಿಂದ ಅವನ ದನಿ ಬಂತು, ಎಂದಿನ ತಮಾಷೆಯಲ್ಲೇ. "ಆದ್ರೆ ಮೀನಿಗೆ ಮಾತ್ರ ಹೇಳ್ಬೇಡ ಕಣೇ. ವಾಯು ಅಂತಲೇ ಇರ್ಲಿ."