ಅಕ್ಕನ ಹೂಂ

"ಹೇಳಕ್ಕ, ಅದೇ ಗೂಬೆ ತಾನೇ?" ತಮ್ಮ ಪಿಸುಗುಟ್ಟಿದ. ಕತ್ತಲಾಗುತ್ತಿದ್ದ ಬೆಟ್ಟದ ಇಳಿಜಾರಿನಲ್ಲಿ, ಮುದಿಮರದ ತುದಿಯಿಂದ ಪೂ, ಪೂ ಎಂಬ ಸಣ್ಣ ಸಿಳ್ಳೆ ಕೇಳಿಬರುತ್ತಿತ್ತು. ಅವನ ರೆಸಾರ್ಟಿನ ಅತಿಥಿಗಳು ಕ್ಯಾಮೆರಾ ಎತ್ತಿ ಉಸಿರು ಬಿಗಿಹಿಡಿದಿದ್ದರು. "ನಮ್ಮಕ್ಕ ದನಿ ಕೇಳಿಯೇ ಯಾವ ಗೂಬೆ ಅಂತ ಹೇಳಿಬಿಡ್ತಾಳೆ ಸಾರ್. ಅವಳು ಹೂಂ ಅಂದ್ರೆ ಮುಗೀತು."

ಅಕ್ಕ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಇಳಿಜಾರಿಗೆಲ್ಲ ದೀಪ ಹಾಕಿಸಬೇಡ, ಗೂಬೆಗಳು ಉಳಿಯೋದಿಲ್ಲ ಎಂದು ಎಷ್ಟು ಬಾಯಿ ಬಡಿದುಕೊಂಡಿದ್ದಳು! ಅವನು ಹಾಕಿಸಿದ, ಅವು ಹೋದವು. ಈಗ ವಾಪಸ್ ಬಂದಿವೆಯಂತೆ! ಆದರೂ ಕಿವಿಗೊಟ್ಟಳು. ಅದೇ ದನಿ, ನಡುವೆ ಅಷ್ಟೇ ಬಿಡುವು. ಮುಷ್ಟಿಗಾತ್ರದ ಆ ಕಾಡುಗೂಬೆಯೇ. ಒಂದು ಕ್ಷಣ ಸಿಟ್ಟೆಲ್ಲ ಇಳಿದು ಕಣ್ಣು ತುಂಬಿ ಬಂತು. ಹೂಂ ಅನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಮರ ಕೆಮ್ಮಿತು. ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು, ತಡೆದೂ ತಡೆಯಲಾಗದೆ ಕೆಮ್ಮಿದ ಕೆಮ್ಮು. ಸಾಯುವ ಮುಂಚಿನ ಚಳಿಗಾಲದಲ್ಲಿ ಅಪ್ಪ ಇದೇ ಮರದಡಿ ಕೂತು, ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿದ ಗೂಬೆಯ ದನಿ ಅದು; ಕೆಮ್ಮು ಅಪ್ಪನದೇ. ಗೂಬೆ ಬಂದಿರಲೇ ಇಲ್ಲ. ತಮ್ಮ ಕೊಂಬೆಗೆ ಸ್ಪೀಕರ್ ಕಟ್ಟಿದ್ದ. ಕಟ್ಟುವ ಮುಂಚೆ ಅಪ್ಪನ ರೆಕಾರ್ಡಿಂಗನ್ನು ಕೊನೆಯವರೆಗೆ ಕೇಳುವ ವ್ಯವಧಾನವೂ ಅವನಿಗಿರಲಿಲ್ಲ.

"ಯಾರೋ ಕೆಮ್ಮಿದ ಹಾಗಾಯ್ತಲ್ಲ?" ಅತಿಥಿಯೊಬ್ಬರು ಕೇಳಿದರು.

"ಕಾಡುಕುರಿ ಸಾರ್. ಅದು ಕೂಗೋದೇ ಹಾಗೆ," ತಮ್ಮ ಕಣ್ಣು ಮಿಟುಕಿಸದೆ ಹೇಳಿದ.

ಅಕ್ಕ ಅವನ ಕೊರಳಪಟ್ಟಿ ಹಿಡಿದು ಮರದ ಬುಡಕ್ಕೆ ದಬ್ಬಿದಳು. "ಹತ್ತೋ ಮೇಲಕ್ಕೆ! ಮೊದಲು ಅಪ್ಪನ್ನ ಕೆಳಗಿಳಿಸು."