ರದ್ದಾದ ನಕ್ಷೆ

ಅಕ್ಕ ದಾರ ಬಿಚ್ಚಿ, ಉಡುಗೊರೆಯನ್ನು ಪಕ್ಕಕ್ಕಿಟ್ಟು, ಅದಕ್ಕೆ ಸುತ್ತಿದ್ದ ಕಾಗದವನ್ನೇ ಮೇಜಿನ ಮೇಲೆ ಹರಡಿ ನೋಡುತ್ತಿದ್ದಳು. ತಂಗಿ ಮನೆಗಳ ನಕ್ಷೆ ಬರೆಯುವವಳು. ಪ್ರತಿವರ್ಷ ರಜೆಗೆ ಎಲ್ಲರೂ ಸೇರಿದಾಗ ಕೊಡುವ ಉಡುಗೊರೆಗಳನ್ನು ರದ್ದಾದ ನಕ್ಷೆಗಳಲ್ಲೇ ಸುತ್ತುತ್ತಿದ್ದಳು.

“ಮಿಂಚೋ ಕಾಗದಕ್ಕೇನು ಬರಗಾಲ ಬಂದಿದ್ಯಾ?” ಎಂದು ತಂಗಿಯ ಗಂಡ ಎಂದಿನಂತೆ ಕಾಲೆಳೆದ.

“ಹರಿದು ಬಿಸಾಕೋದಕ್ಕೆ ಹೊಸದು ಯಾಕ್ರೀ?” ಎಂದಳು ತಂಗಿ.

ಅಕ್ಕ ನಗಲಿಲ್ಲ. ಅದು ಅವರೆಲ್ಲ ಈಗ ಕುಳಿತಿದ್ದ ತಂಗಿಯ ಮನೆಯದೇ ನಕ್ಷೆ; ಎರಡು ವರ್ಷದ ಕೆಳಗೆ, ಮನೆ ಕಟ್ಟಿಸುವ ಮೊದಲು ತಂಗಿ ಬರೆದದ್ದು. ಆ ವರ್ಷವೇ ಅಕ್ಕನ ಗಂಡ ತೀರಿಕೊಂಡಿದ್ದ. ಅಂದಿನಿಂದ ಅವಳದು ಬಾಡಿಗೆಯ ಒಂಟಿ ಕೋಣೆ. ನಕ್ಷೆಯಲ್ಲಿ ಅಡುಗೆಮನೆ ಪಕ್ಕದ ಕೋಣೆಯೊಳಗೆ ತಂಗಿಯ ದುಂಡಕ್ಷರದಲ್ಲಿ ‘ಅಕ್ಕ’ ಎಂದಿತ್ತು. ಅದರ ಮೇಲೆ ಕೆಂಪು ಗೀಟು ಎಳೆದಿತ್ತು. ಕೆಳಗೆ, ಅದೇ ದುಂಡಕ್ಷರದಲ್ಲಿ, ‘ಹಳೇ ಸಾಮಾನು’ ಎಂದು ಬರೆದಿತ್ತು.

ತಂಗಿಯ ಕಣ್ಣೂ ಅಲ್ಲಿಗೆ ಬಿತ್ತು. “ಅಕ್ಕಾ, ಅದು…” ಎನ್ನುತ್ತ ಕಾಗದಕ್ಕೆ ಕೈ ಚಾಚಿದಳು.

ಅಕ್ಕ ಹಳೆಯ ಮಡಿಕೆಗಳ ಮೇಲೆಯೇ ಉಗುರೆಳೆದು, ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

“ಗಟ್ಟಿ ಕಾಗದ ಕಣೇ,” ಎಂದಳು. “ಬರೋ ವರ್ಷ ನಿನಗೆ ಇದರಲ್ಲೇ ಸುತ್ತಿ ಕೊಡ್ತೀನಿ.”